ಮಾಗಡಿ ಕೆರೆಯಲ್ಲಿ ಹಕ್ಕಿ ಎಣಿಸಿದ್ದು

ಚಳಿಗಾಲದ ಹಕ್ಕಿಗಣತಿಗೆಂದು ಮಾಗಡಿ ಕೆರೆಯ ದಂಡೆಯಲ್ಲಿ ಕೂತು, ದುರ್ಬೀನು ಹಿಡಿದು ಪಟ್ಟೆತಲೆ ಹೆಬ್ಬಾತುಗಳನ್ನು ಜೋರಾಗಿ ಎಣಿಸುತ್ತಿದ್ದೆ. ಕುರಿಗಳಿಗೆ ನೀರು ಕುಡಿಸಲು ಬಂದ ಅಜ್ಜನೊಬ್ಬ ತಡೆದ.

“ಜೀವ ಇದ್ದದ್ದನ್ನ ಹಂಗ ಎಣಸಬಾರದ್ರಿ, ದೃಷ್ಟಿ ಆಗತೈತಿ. ಮುಂದಿನ ವರ್ಷ ಬರದಿದ್ರ?”

“ನನ್ನ ಕೆಲಸಾನ ಅದು ಯಜ್ಜಾ. ನಿನ್ನ ಕುರಿ ಎಷ್ಟದಾವು?”

“ಬೇಕಾದಷ್ಟು ಅದಾವ್ರಿ.”

ಈ ಮಾತಿನಲ್ಲಿ ನನ್ನ ಲೆಕ್ಕ ತಪ್ಪಿತು. ಸಿಟ್ಟು ನುಂಗಿಕೊಂಡು ಮತ್ತೆ ಒಂದರಿಂದ ಶುರು ಮಾಡಿದೆ, ಈ ಸಲ ಮನಸ್ಸಿನಲ್ಲೇ. ಅಜ್ಜ ಬೆನ್ನು ತಿರುಗಿಸಿ ಕೂತನೇ ಹೊರತು ಹೋಗಲಿಲ್ಲ. ನಾನು ಎಣಿಸಿ ಮುಗಿಸಿ ಪುಸ್ತಕ ಮುಚ್ಚಿದ್ದೇ ತಡ, ಹತ್ತಿರ ಬಂದು ಮೆಲ್ಲಗೆ ಕೇಳಿದ:

“ಹ್ವಾದ ವರ್ಷಕ್ಕಿಂತ ಹೆಚ್ಚು ಬಂದಾವೇನ್ರಿ?”

ಸಂಖ್ಯೆ ನಾಲಿಗೆಯ ತುದಿಯಲ್ಲೇ ಇತ್ತು.

“ಬೇಕಾದಷ್ಟು ಬಂದಾವು ಯಜ್ಜಾ,” ಎಂದೆ.