ಕೆಂಪು ಹೆಂಚಿನ ಮನೆಗೆ ದಾರಿ

ನಮ್ಮಕ್ಕನ ಹಟ ಏನೆಂದು ನಿಮಗೆ ಗೊತ್ತಿಲ್ಲ. ಮೂರನೇ ತರಗತಿಯ ಮಕ್ಕಳಿಗೆ ನಕ್ಷೆ ಓದಲು ಕಲಿಸುತ್ತಲೇ ತಲೆ ನರೆಸಿಕೊಂಡವಳು. ಭಾವ ಸಿಟಿ ಬಸ್ಸಿನ ಡ್ರೈವರ್ ಆಗಿದ್ದವರು. "ಟೀಚರಮ್ಮಾ, ನಿಮ್ಮ ನಕ್ಷೇಲಿ ಒಂದು ಗುಂಡಿನೂ ಇಲ್ವಲ್ರೀ!" ಎಂದು ಮದುವೆಯಾದಾಗಿನಿಂದ ಅವಳ ಕಾಲೆಳೆಯುತ್ತಿದ್ದರು. ಅಂಥ ಮನುಷ್ಯ ಈಗ ಪೇಪರ್ ತರಲು ಮೂಲೆಯಂಗಡಿಗೆ ಹೋದರೆ ವಾಪಸ್ ಬರುವ ದಾರಿ ಮರೆಯುತ್ತಿದ್ದರು.

"ಮರೆವಿನ ಕಾಯಿಲೆ. ಒಬ್ಬರನ್ನೇ ಹೊರಗೆ ಬಿಡಬೇಡಿ, ಗೇಟಿಗೆ ಬೀಗ ಹಾಕಿ" ಎಂದರು ಡಾಕ್ಟರು.

"ಊರೆಲ್ಲಾ ಸುತ್ತಿದೋರನ್ನ ಕೂಡಿಹಾಕ್ಲಾ? ಅಷ್ಟೊಂದು ಮಕ್ಕಳಿಗೆ ಕಲಿಸ್ದೋಳು, ಇವರೊಬ್ರಿಗೆ ಕಲಿಸೋಕಾಗಲ್ವಾ?" ಎಂದು ಅಕ್ಕ ನನ್ನ ಮೇಲೆ ರೇಗಿದಳು, ನಾನೇ ಹಾಗೆಂದವಳಂತೆ.

ಇಂಟರ್ನೆಟ್ಟಿನಲ್ಲಿ ಮಕ್ಕಳಿಗೆಂದು ಪುಕ್ಕಟೆ ಸಿಗುವ, ನಕ್ಷೆಯಲ್ಲಿ ದಾರಿ ಹುಡುಕುವ ಅಭ್ಯಾಸದ ಹಾಳೆಗಳನ್ನು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ ತಂದಳು. ಶಾಲೆ, ಅಂಚೆ ಕಚೇರಿ, ಸೇತುವೆ, ಕೊನೆಗೊಂದು ಹೆಂಚಿನ ಮನೆ. ಕಪ್ಪು ಬಿಳುಪಿನಲ್ಲಿ ಎಲ್ಲವೂ ಒಂದೇ ಥರ ಕಾಣುತ್ತವೆಂದು ಆ ಮನೆಯ ಹೆಂಚಿಗೆ ಪ್ರತಿ ಹಾಳೆಯಲ್ಲೂ ಕೆಂಪು ಪೆನ್ಸಿಲ್ ತೀಡಿದಳು.

"ಕೆಂಪು ಎಲ್ಲಿದ್ಯೋ ಅದೇ ಮನೆ. ಎಲ್ಲೇ ಇದ್ರೂ ಅಲ್ಲಿಗೇ ಬರ್ಬೇಕು, ತಿಳೀತಾ?"

ಭಾವ ನಾಲಗೆ ಕಚ್ಚಿಕೊಂಡು ಗೆರೆ ಎಳೆಯುತ್ತಿದ್ದರು. ಪ್ರತಿಸಲವೂ ತಪ್ಪದೆ ಮನೆ ಮುಟ್ಟುತ್ತಿದ್ದರು. ಸುಳ್ಳೇಕೆ ಹೇಳಲಿ, ನನಗೂ ಆಸೆ ಹುಟ್ಟಿತ್ತು.

ಒಂದು ಬೆಳಗ್ಗೆ ಅಕ್ಕ ಧೈರ್ಯ ಮಾಡಿ ಅವರೊಬ್ಬರನ್ನೇ ಪೇಪರಿಗೆ ಕಳಿಸಿದಳು. ಊಟದ ಹೊತ್ತಾದರೂ ಪತ್ತೆಯಿಲ್ಲ. ನಾವಿಬ್ಬರೂ ಬೀದಿ ಬೀದಿ ಅಲೆದೆವು. ಆಸ್ಪತ್ರೆಯ ಹಿಂದಿನ ರಸ್ತೆಯಲ್ಲಿ ಯಾರದೋ ಮನೆಯ ಮೆಟ್ಟಿಲ ಮೇಲೆ ಕೂತಿದ್ದರು. ಆ ಮನೆಯವರು ಒಳಗಿನಿಂದ ಚಿಲಕ ಹಾಕಿಕೊಂಡು ಕಿಟಕಿಯಲ್ಲಿ ಬೈಯುತ್ತಿದ್ದರು. ಆ ಮನೆಗೆ ಕೆಂಪು ಹೆಂಚು. ನಮ್ಮಕ್ಕನದು ತಾರಸಿ ಮನೆ.

"ಒಂದೂ ತಪ್ಪಿಲ್ದೆ ಬಂದ್ಬಿಟ್ಟೆ!" ಎಂದರು ಭಾವ, ಮುಖ ಅಗಲ ಮಾಡಿಕೊಂಡು.

ಅಕ್ಕ ಅದೇ ಮೆಟ್ಟಿಲ ಮೇಲೆ ಅವರ ಪಕ್ಕ ಕೂತಳು. "ನಾನೇ ಕಣೇ ಕಲಿಸಿದ್ದು" ಎಂದು ನನ್ನ ಕೈ ಹಿಡಿದು ಅತ್ತಳು.

ಅಂದೇ ಗೇಟಿಗೆ ಬೀಗ ಬಿತ್ತು. ಹಾಳೆಗಳು ಮಾತ್ರ ನಿಲ್ಲಲಿಲ್ಲ, ಅವರನ್ನು ಒಂದು ಕಡೆ ಕೂರಿಸಲು ಬೇರೆ ಉಪಾಯವಿರಲಿಲ್ಲ. ಮೊನ್ನೆ ನಾನು ಹೋದಾಗ ಭಾವ ಒಂದನ್ನು ಮುಗಿಸಿ ಅಕ್ಕನ ಮುಂದೆ ಹಿಡಿದರು.

"ಸರಿ ಇದ್ಯಾ ಟೀಚರಮ್ಮಾ?"

ಹಳೆಯ ತಮಾಷೆಯೆಂದು ಅಕ್ಕ ಎಷ್ಟೋ ದಿನದ ಮೇಲೆ ನಕ್ಕಳು. "ಪೂರ್ತಿ ಸರಿ."

"ಹಾಗಾದ್ರೆ ಬೀಗ ತೆಗೀರಿ. ಮನೇಲಿ ನನ್ನ ಹೆಂಡತಿ ಊಟಕ್ಕೆ ಕಾಯ್ತಿರ್ತಾಳೆ."

ಅಕ್ಕ ಸರಿ ಗುರುತು ಹಾಕಿ, ಇನ್ನೊಂದು ಹಾಳೆ ಕೊಟ್ಟಳು.