ಬ್ಯಾಡ್ಮಿಂಟನ್ ನೆಟ್‌ಗೆ ಸಿಕ್ಕಿಬಿದ್ದ ಜಿಂಕೆ

ಬೆಳಗ್ಗೆ ಐದೂವರೆಗೆ ತೋಟದಲ್ಲಿ ನಾಯಿ ಬೊಗಳಿದ ಹಾಗಾಯಿತು. ಅಕ್ಕಪಕ್ಕ ಯಾರ ಮನೆಯಲ್ಲೂ ನಾಯಿ ಇಲ್ಲ... ಎದ್ದು ಕಿಟಕಿಯ ಪರದೆ ಸರಿಸಿದೆ.

ನಾವು ಹಿಂದಿನ ಸಂಜೆ ಆಡಿ ಬಿಟ್ಟಿದ್ದ ಬ್ಯಾಡ್ಮಿಂಟನ್ ನೆಟ್‌ನಲ್ಲಿ ಒಂದು ಗಂಡು ಜಿಂಕೆ ಸಿಕ್ಕಿಕೊಂಡಿತ್ತು. ಬೊಗಳಿದ ಹಾಗೆ ಕೂಗುತ್ತಿದ್ದುದು ಅದೇ.

ಇಲ್ಲಿನ ಸಣ್ಣ ಜಾತಿಯ ಜಿಂಕೆ, ದೊಡ್ಡ ಮೇಕೆಯಷ್ಟು ಗಾತ್ರ. ಕೊಂಬಿಗೂ ಕತ್ತಿಗೂ ನೆಟ್ ಸುತ್ತಿಕೊಂಡಿತ್ತು. ಒಂದು ಕಂಬ ಕಿತ್ತು ಬಂದಿತ್ತು, ಇನ್ನೊಂದು ತುದಿಯ ಹಗ್ಗವನ್ನು ನಾವು ಸೇಬಿನ ಮರಕ್ಕೆ ಭದ್ರವಾಗಿ ಕಟ್ಟಿದ್ದೆವು. ಅದು ಎಳೆದಷ್ಟೂ ಬಿಗಿಯಾಗುತ್ತಿತ್ತು.

ಅದು ನಮ್ಮ ಮನೆಯಲ್ಲ. ನಾವಿರುವುದು ಸ್ವೀಡನ್ನಿನ ಉಪ್ಸಾಲಾದ ಅಪಾರ್ಟ್‌ಮೆಂಟ್ ಒಂದರ ಮೂರನೇ ಮಹಡಿಯಲ್ಲಿ. ನನ್ನ ಜೊತೆ ಲ್ಯಾಬಿನಲ್ಲಿದ್ದು ಈಗ ರಿಟೈರ್ ಆಗಿರುವ ಗುನಿಲ್ಲಾ ಅವರಿಗೆ ಹೊಳೆದಂಡೆಯಲ್ಲಿ ಒಂದು ಬೇಸಿಗೆ ಮನೆ ಇದೆ. ಮಂಡಿಯ ಆಪರೇಷನ್ ಆಗಿ ಅವರು ಮಗಳ ಮನೆಯಲ್ಲಿದ್ದರು. ಎರಡು ವಾರ ಇದ್ದು ಗಿಡಗಳಿಗೆ ನೀರು ಹಾಕಿ ಎಂದು ನಮಗೆ ಕೀ ಕೊಟ್ಟಿದ್ದರು.

ನಾನು, ಗಂಡ ಪ್ರಶಾಂತ್, ಆರು ವರ್ಷದ ಮಗಳು ಇಳಾ. ಬೆಳಗ್ಗೆ ಬೀನ್ಸ್ ಪಾತಿಗೆ ನೀರು, ಮಧ್ಯಾಹ್ನ ಮರದ ಕೆಳಗೆ ನಿದ್ದೆ, ಸಂಜೆ ಹೊಳೆಯಲ್ಲಿ ಬೀವರ್ ಈಜುವುದನ್ನು ನೋಡುತ್ತ ಕಾಫಿ, ಆಮೇಲೆ ಶಟಲ್. ಒಂದು ವಾರ ಹೀಗೇ ಹಾಯಾಗಿ ಕಳೆದಿತ್ತು.

ನೆಟ್ ಬಿಚ್ಚಿಡೋಣ ಎಂದು ಪ್ರಶಾಂತ್ ಹೇಳಿದ್ದ. "ನಾಳೆ ಮತ್ತೆ ಕಟ್ಬೇಕಲ್ಲ, ಇರ್ಲಿ ಬಿಡು" ಎಂದವಳು ನಾನು.

ಎಮರ್ಜೆನ್ಸಿ ನಂಬರ್‌ಗೆ ಫೋನ್ ಮಾಡಿದೆ. ಹತ್ತಿರ ಹೋಗಬೇಡಿ, ಆ ಕಡೆಯ ಬೇಟೆಗಾರರೊಬ್ಬರನ್ನು ಕಳಿಸುತ್ತೇವೆ, ಮುಕ್ಕಾಲು ಗಂಟೆ ಆಗಬಹುದು ಎಂದರು. ಗಾಯಗೊಂಡ ಕಾಡುಪ್ರಾಣಿಗಳಿಗಾಗಿ ಇಲ್ಲಿ ಹೀಗೆ ಬೇಟೆಗಾರರು ಬರುತ್ತಾರೆ ಎಂಬುದು ನನಗೆ ಗೊತ್ತಾಗಿದ್ದೇ ಆಗ.

ಫೋನ್ ಇಟ್ಟು ಐದು ನಿಮಿಷವೂ ಆಗಿರಲಿಲ್ಲ, ಜಿಂಕೆ ಹಿಂದಕ್ಕೆ ಜಗ್ಗಿ ದಂಡೆಯಿಂದ ಜಾರಿತು. ಮುಂಗಾಲು ಕೆಸರಿನಲ್ಲಿ, ಹಿಂಗಾಲು ನೀರಿನಲ್ಲಿ. ಮರಕ್ಕೆ ಕಟ್ಟಿದ ಹಗ್ಗದಿಂದಾಗಿಯೇ ಅದರ ತಲೆ ನೀರಿನ ಮೇಲಿತ್ತು. ಕತ್ತು ಬಿಗಿಯುತ್ತಿದ್ದುದೂ ಅದೇ ಹಗ್ಗ.

ಪ್ರಶಾಂತ್ ಅಡುಗೆಮನೆಯ ಕತ್ತರಿ ಹಿಡಿದು ಓಡಿದ. "ಹಗ್ಗ ಕಟ್ ಮಾಡ್ಬಿಡ್ತೀನಿ, ಉಸಿರು ಕಟ್ತಾ ಇದೆ ಅದಕ್ಕೆ!"

"ಬೇಡ ಪ್ರಶಾಂತ್! ಕಟ್ ಮಾಡಿದ್ರೆ ನೆಟ್ ಸಮೇತ ಹೊಳೆಗೆ ಹೋಗತ್ತೆ. ಮುಳುಗೋಗತ್ತೆ."

ಅಷ್ಟರಲ್ಲಿ ಅವನಿಗೆ ಪಕ್ಕದಲ್ಲಿ ಕಟ್ಟಿದ್ದ ಗುನಿಲ್ಲಾ ಅವರ ದೋಣಿ ಕಾಣಿಸಿತು. ಕತ್ತರಿ ಎಸೆದು ನೀರಿಗೆ ಇಳಿದೇಬಿಟ್ಟ. ದೋಣಿಯನ್ನು ತಳ್ಳಿಕೊಂಡು ಬಂದು ಜಿಂಕೆಯ ಹಿಂಭಾಗಕ್ಕೆ ಒತ್ತಿ ಹಿಡಿದ. ದೋಣಿ ಅಡ್ಡವಿದ್ದುದರಿಂದ ಅದು ಇನ್ನು ಜಾರುವ ಹಾಗಿರಲಿಲ್ಲ.

ನಾನು ಮರದ ಹತ್ತಿರ ಹೋಗಿ ಗಂಟು ಸಡಿಲಿಸಿ ಎರಡು ಗೇಣು ಹಗ್ಗ ಬಿಟ್ಟೆ. ಜಿಂಕೆ ದೊಡ್ಡದಾಗಿ ಉಸಿರೆಳೆದುಕೊಂಡ ಸದ್ದು ನನಗೆ ಅಲ್ಲಿಗೇ ಕೇಳಿಸಿತು.

ಆಮೇಲೆ ಮಾಡುವುದಕ್ಕೆ ಏನೂ ಇರಲಿಲ್ಲ. ಅವನು ಸೊಂಟದ ಮಟ್ಟದ ತಣ್ಣನೆಯ ನೀರಿನಲ್ಲಿ, ನಾನು ಹಗ್ಗ ಹಿಡಿದು ಮರದಡಿ, ಇಳಾ ಮೆಟ್ಟಿಲ ಮೇಲೆ ಕಂಬಳಿ ಹೊದ್ದು.

ಬೇಟೆಗಾರರು ಎಂದರೆ ಯಾರೋ ದೊಡ್ಡ ಮೀಸೆಯ ಗಂಡಸು ಬರುತ್ತಾರೆ ಎಂದುಕೊಂಡಿದ್ದೆ. ಬಂದವರು ಅರವತ್ತರ ಆಸುಪಾಸಿನ ಇಂಗ್ರಿಡ್ ಎಂಬ ಹೆಂಗಸು. ಕಾರಿನಿಂದ ಮೊದಲು ಕೋವಿ ತೆಗೆದರು.

ಇಳಾ ಎದುರಿಗೆ ಹೋಗಿ ಸ್ವೀಡಿಷ್‌ನಲ್ಲಿ ಕೇಳಿಯೇಬಿಟ್ಟಳು. "ಶೂಟ್ ಮಾಡ್ತೀರಾ?"

"ಇನ್ನೂ ಗೊತ್ತಿಲ್ಲ. ಕಾಲು ಮುರಿದಿದ್ರೆ ಮಾಡ್ಬೇಕಾಗತ್ತೆ" ಎಂದರು ಇಂಗ್ರಿಡ್, ಸಮಾಧಾನದ ದನಿಯಲ್ಲಿ. ಆಮೇಲೆ ಅವಳ ಮುಖ ನೋಡಿ ಕೋವಿಯನ್ನು ಕಾರಿನೊಳಗಿಟ್ಟು ಲಾಕ್ ಮಾಡಿದರು. ಚಾಕು ಮತ್ತು ಹಳೆಯ ರಗ್ಗು ತೆಗೆದುಕೊಂಡು ಬಂದರು.

ರಗ್ಗು ತಲೆಯ ಮೇಲೆ ಬೀಳುತ್ತಿದ್ದಂತೆ ಜಿಂಕೆ ಒದ್ದಾಡುವುದನ್ನು ನಿಲ್ಲಿಸಿತು. ಮೂವರೂ ಸೇರಿ ಅದನ್ನು ನೀರಿನಿಂದ ಕೆಸರಿನ ಮೇಲಕ್ಕೆ ಎಳೆದೆವು. ನಾನು ರಗ್ಗಿನ ಮೇಲಿಂದ ಕತ್ತು ಹಿಡಿದುಕೊಂಡೆ. ಅವರು ಒಂದೊಂದೇ ಎಳೆ ಕತ್ತರಿಸಿದರು. ನನ್ನ ಅಂಗೈ ಕೆಳಗೆ ಅದರ ನಾಡಿ ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತೆಂದರೆ, ಈಗ ಟೈಪ್ ಮಾಡುವಾಗಲೂ ಕೈಗೆ ಅದು ಗೊತ್ತಾಗುತ್ತಿದೆ.

ನಾಲ್ಕೂ ಕಾಲು ಮುಟ್ಟಿ ನೋಡಿ, "ಮುರಿದಿಲ್ಲ" ಎಂದರು. ರಗ್ಗು ಎಳೆದರು.

ಜಿಂಕೆ ಏಳಲಿಲ್ಲ.

ಒಂದು ನಿಮಿಷ... ಎರಡು ನಿಮಿಷ. ಇಂಗ್ರಿಡ್ ಒಮ್ಮೆ ಕಾರಿನ ಕಡೆ ತಿರುಗಿ ನೋಡಿದರು. ಆ ನೋಟದ ಅರ್ಥ ನನಗೂ ಪ್ರಶಾಂತನಿಗೂ ಗೊತ್ತಾಯಿತು, ಸದ್ಯ, ಇಳಾಗೆ ಗೊತ್ತಾಗಲಿಲ್ಲ.

ಆಮೇಲೆ ಅದು ಎದ್ದು, ಮುಗ್ಗರಿಸಿ, ಮತ್ತೆ ಎದ್ದಿತು. ದಂಡೆ ಹತ್ತಿ ಕಾಡಿಗೆ ಓಡುತ್ತದೆ ಎಂದು ನಾವು ದಾರಿ ಬಿಟ್ಟರೆ, ಬೀನ್ಸ್ ಪಾತಿಯನ್ನು ಒಂದು ಸುತ್ತು ತುಳಿದು, ವಾಪಸ್ ಬಂದು ಹೊಳೆಗೇ ಹಾರಿತು. ನೆಟ್ಟಗೆ ಈಜಿಕೊಂಡು ಹೋಗಿ ಆಚೆ ದಡದ ಜೊಂಡಿನಲ್ಲಿ ಮರೆಯಾಯಿತು.

ಕಾಫಿ ಕುಡಿಯುವಾಗ ಇಂಗ್ರಿಡ್ ಹೇಳಿದರು, ಫುಟ್‌ಬಾಲ್ ಗೋಲ್ ನೆಟ್, ಹ್ಯಾಮಕ್ ಎಂದು ಪ್ರತಿ ಬೇಸಿಗೆಯೂ ಇಂಥ ಕರೆ ಬರುತ್ತದಂತೆ. ಹೆಚ್ಚಿನ ಸಲ ಕೋವಿಯೇ ಬೇಕಾಗುತ್ತದಂತೆ. "ನೆಟ್ ಹಾಗೇ ಬಿಟ್ಟಿದ್ದು ಯಾರು?" ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ನಡುಗುತ್ತಿದ್ದ ಪ್ರಶಾಂತ್ "ನಾವಿಬ್ಬರೂ" ಎಂದ. ನನ್ನ ಕಡೆ ನೋಡಲಿಲ್ಲ, ಕಪ್ಪನ್ನೇ ನೋಡುತ್ತಿದ್ದ.

ಹತ್ತು ಗಂಟೆಗೆ ಗುನಿಲ್ಲಾ ಅವರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಬೀನ್ಸ್ ಹಾಳಾಗಿದ್ದು, ಹಗ್ಗ ಜಗ್ಗಿ ಸೇಬಿನ ಕೊಂಬೆಯೊಂದು ಮುರಿದಿದ್ದು, ನೆಟ್ ಬಿಟ್ಟಿದ್ದು ನಾನೇ ಎಂಬುದು ಕೂಡ.

"ಅದರ ಎಡಗಿವಿ ಸೀಳಿತ್ತಾ?" ಎಂದು ಕೇಳಿದರು. ಹೌದು, ಸೀಳಿತ್ತು.

"ಮೂರು ವರ್ಷದಿಂದ ನನ್ನ ಗುಲಾಬಿ ಮೊಗ್ಗೆಲ್ಲ ತಿಂತಿರೋ ಕಳ್ಳ ಅದೇ." ಆಮೇಲೆ ಅವರೇ ಹೇಳಿದರು, "ಬದುಕ್ತಲ್ಲ... ಒಳ್ಳೇದಾಯ್ತು."

ಇದನ್ನು ಓದುತ್ತಿರುವ ನಿಮ್ಮಲ್ಲಿ ಎಷ್ಟು ಜನರ ತೋಟದಲ್ಲಿ ಈ ಹೊತ್ತಿಗೂ ನೆಟ್ ಕಟ್ಟೇ ಇದೆ?