ಮುಂದಿನ ಸಾಲಿನ ಹನ್ನೆರಡು ಕುರ್ಚಿ

ಅಡಿಲೇಡ್‌ನ ಸ್ಯಾಲಿಸ್‌ಬರಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. 1988ರ ಆಗಸ್ಟ್ ತಿಂಗಳ ಕೊನೆಯ ಶನಿವಾರ, ಬೆರಳು ಮರಗಟ್ಟುವ ಚಳಿ. ಸಭಾಂಗಣದ ಮುಂದಿನ ಸಾಲಿನಲ್ಲಿ ಮಂಡಿಯೂರಿ ಕೂತ ಅಲ್ಲಿನ ಉಸ್ತುವಾರಿ ಲಿಂಗರಾಜ ಕುರ್ಚಿಯ ಸ್ಪ್ರಿಂಗಿಗೆ ಎಣ್ಣೆ ಬಿಡುತ್ತಿದ್ದಾರೆ. ಹಳೆಯ ಸಿನಿಮಾ ಮಂದಿರದ ಕುರ್ಚಿಗಳಿವು, ಕೂತವರು ಎದ್ದ ಕೂಡಲೇ ಸೀಟು ಮೇಲಕ್ಕೆ ಮಡಚಿಕೊಳ್ಳುತ್ತದೆ. "ಸೌಂಡ್ ಬರಬಾರ್ದು ಸಾರ್, ಓದೋರಿಗೆ ಡಿಸ್ಟರ್ಬ್ ಆಗುತ್ತೆ" ಎಂದು ಪತ್ರಿಕೆಗೆ ಬರೆಯಲು ಬಂದ ನನಗೆ ಹೇಳುತ್ತಾರೆ.

ಹದಿನೈದು ಸಾಲು, ನೂರಾ ಎಂಬತ್ತು ಕುರ್ಚಿ. ದಿನಾ ಅಷ್ಟನ್ನೂ ಒರೆಸುತ್ತಾರೆ. ಮೈಸೂರಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವರು, ಡಾಕ್ಟರ್ ಹೆಂಡತಿ ಕಸ್ತೂರಿಯವರ ಹಿಂದೆ ಇಲ್ಲಿಗೆ ಬಂದವರು. 1979ರಲ್ಲಿ ನಾಲ್ಕು ವರ್ಷದ ಮಗಳು ಮೈತ್ರೇಯಿ ಜ್ವರದಲ್ಲಿ ತೀರಿಕೊಂಡಳು. "ನಮ್ಮಲ್ಲಿ ಸತ್ತೋರನ್ನ ಕೂರಿಸಿ ಮಣ್ಣು ಮಾಡ್ತೀವಿ. ಇಲ್ಲಿ ಪೆಟ್ಟಿಗೇಲಿ ಮಲಗಿಸಿಬಿಟ್ರು. ಮಗೂನ ಕೂರಿಸಕ್ಕೂ ಆಗ್ಲಿಲ್ವಲ್ಲಾ ಅಂತ ತಲೆ ಕೆಟ್ಟುಹೋಯ್ತು. ಆಮೇಲೆ ಈ ಕೆಲಸಕ್ಕೆ ಬಂದ್ಬಿಟ್ಟೆ." ಈ ಮಾತು ಹೇಳುವಾಗಲೂ ಬಟ್ಟೆ ಹಿಡಿದ ಕೈ ನಿಲ್ಲುವುದಿಲ್ಲ.

ಇಂದು ಮಧ್ಯಾಹ್ನ ಇಬ್ಬರು ಹೆಸರಾಂತ ಚೀನೀ ಮೂಲದ ಕಾದಂಬರಿಕಾರರ ವಾಚನವಿದೆ: ಬ್ರಿಸ್ಬೇನ್‌ನ ಎಡ್ವಿನ್ ಲೋ, ಪರ್ತ್‌ನ ಗ್ವೆನ್ ಟಾನ್. ಗ್ವೆನ್ ಪೆನಾಂಗ್‌ನಲ್ಲಿ ಹುಟ್ಟಿದವರು. ಯುದ್ಧಕಾಲದಲ್ಲಿ ದೋಣಿ ಮುಳುಗಿ ಅವರ ಮನೆಯ ಹನ್ನೊಂದು ಮಂದಿ ಸತ್ತರು. ಚೀನೀಯರಲ್ಲಿ ಈ ತಿಂಗಳು ಸತ್ತವರು ಮನೆಗೆ ಬರುವ ಕಾಲ. ಆಟ, ಹಾಡು ಏನೇ ನಡೆದರೂ ಮುಂದಿನ ಸಾಲು ಅವರಿಗೇ ಬಿಡಬೇಕು.

ಕಳೆದ ವರ್ಷವೂ ಗ್ವೆನ್ ತಮ್ಮ ಕಾದಂಬರಿಯಿಂದ ಆ ದೋಣಿ ಮುಳುಗಿದ ಅಧ್ಯಾಯ ಓದಲು ಬಂದಿದ್ದರು. ಸಾಲು ಖಾಲಿ ಇರಲಿ ಎಂದಷ್ಟೇ ಹೇಳಿದ್ದರು, ಯಾಕೆಂದು ಹೇಳಿರಲಿಲ್ಲ. ಸಭೆಯಲ್ಲಿ ಮುಂದಿನ ಸಾಲು ಖಾಲಿ ಉಳಿದರೆ ನಮ್ಮವರಿಗೆ ಜೀವ ಹೋದಂತಾಗುತ್ತದೆ. ಅತಿಥಿಗಳು ಕೈ ಕೊಟ್ಟರೆಂದುಕೊಂಡ ಲಿಂಗರಾಜ, "ಮುಂದೆ ಬನ್ನಿ, ಮುಂದೆ ಬನ್ನಿ" ಎಂದು ಡಾ. ಚಂದ್ರಮೌಳಿ ಮತ್ತಿತರ ಕನ್ನಡದ ಡಾಕ್ಟರರ ಕುಟುಂಬಗಳನ್ನು ಎಳೆದು ತಂದು ಕೂರಿಸಿದರು. ಗ್ವೆನ್ ಒಂದು ಪುಟ ಓದಿ ನಿಂತರು. ಗೋಡೆಯುದ್ದಕ್ಕೂ ಕಣ್ಣಾಡಿಸಿ, "ಅವರೆಲ್ಲ ನಿಂತೇ ಇದ್ದಾರೆ" ಎಂದವರು ಪುಸ್ತಕ ಮುಚ್ಚಿ ಹೊರಟುಹೋದರು. ಗೋಡೆಯ ಬಳಿ ಯಾರೂ ಇರಲಿಲ್ಲ. ಸಾಲು ಯಾರಿಗೆಂದು ಲಿಂಗರಾಜರಿಗೆ ತಿಳಿದದ್ದು ಆಮೇಲೆ.

"ವರ್ಷವೆಲ್ಲ ನಿದ್ದೆ ಇಲ್ಲ ಸಾರ್. ಅವ್ರ ಮನೆಯೋರನ್ನ ನಾನೇ ನಿಲ್ಲಿಸಿಬಿಟ್ನಲ್ಲ!" ಕಾಗದ ಬರೆದು ಕ್ಷಮೆ ಕೇಳಿದರು, ಮತ್ತೆ ಬರುವಂತೆ ಬೇಡಿಕೊಂಡರು. ಸಾಲಿನಲ್ಲಿ ಹನ್ನೆರಡು ಕುರ್ಚಿ, ಗ್ವೆನ್‌ಗೆ ಬೇಕಿರುವುದು ಹನ್ನೊಂದು. ಮಿಕ್ಕ ಒಂದನ್ನು ಲಿಂಗರಾಜ ಮಗಳಿಗಾಗಿ ಕೇಳಿದ್ದಾರೆ. ಹತ್ತು ಗಂಟೆಗೆ ಬಂದ ಗ್ವೆನ್ ಮಗುವಿನ ಹೆಸರನ್ನು ಎರಡು ಸಲ ಹೇಳಿಸಿಕೊಂಡು ಪುಸ್ತಕದ ಅಂಚಿನಲ್ಲಿ ಬರೆದುಕೊಳ್ಳುತ್ತಾರೆ. "ಅರ್ವೋ, ಅಂದ್ರೆ ಮಧ್ಯಾಹ್ನ, ಮೂರು ಗಂಟೆಗೆ ಶುರು. ಒಂದ್ಸಲ ಅವಳು ಕೂತ್ರೆ ಸಾಕು" ಎನ್ನುತ್ತಾರೆ ಲಿಂಗರಾಜ.

ಮೂರಕ್ಕೆ ಸಭಾಂಗಣ ತುಂಬಿದೆ, ಮುಂದಿನ ಸಾಲೊಂದನ್ನು ಬಿಟ್ಟು. ಎಡ್ವಿನ್ ಲೋ ಓದುತ್ತಾರೆ, ಜನ ನಗುತ್ತಾರೆ. ಆಮೇಲೆ ಗ್ವೆನ್ ಏಳುತ್ತಾರೆ. ಅಧ್ಯಾಯ ಮುಗಿಯಲು ಎರಡು ಪುಟವಿರುವಾಗ ಸತ್ತವರ ಹೆಸರುಗಳು ಬರುತ್ತವೆ. ಮೊದಲ ಹೆಸರಿಗೆ ಮೊದಲ ಸೀಟು ಮೆಲ್ಲನೆ ಕೆಳಗಿಳಿಯುತ್ತದೆ. ಎರಡನೆಯ ಹೆಸರಿಗೆ ಎರಡನೆಯದು. ನಾನು ದೆವ್ವ ಭೂತ ನಂಬುವ ಆಸಾಮಿಯಲ್ಲ, ಆದರೂ ಬೆರಳು ಮಡಚಿ ಎಣಿಸುತ್ತಿದ್ದೇನೆ. ಹನ್ನೊಂದು ಹೆಸರು, ಹನ್ನೊಂದು ಸೀಟು. ಎಣ್ಣೆ ಕಂಡ ಸ್ಪ್ರಿಂಗುಗಳು ಸದ್ದು ಮಾಡುವುದಿಲ್ಲ.

"ಮೈತ್ರೇಯಿ" ಎಂದು ಗ್ವೆನ್ ತಡವರಿಸಿ ಓದುತ್ತಾರೆ. ಹನ್ನೆರಡನೆಯ ಸೀಟು ಅಲುಗುವುದಿಲ್ಲ. ಇನ್ನೊಮ್ಮೆ ಓದುತ್ತಾರೆ. ಇಲ್ಲ.

ಬಾಗಿಲ ಬಳಿ ನಿಂತಿದ್ದ ಲಿಂಗರಾಜ ಎಲ್ಲರ ಎದುರೇ ನಡೆದು ಬರುತ್ತಾರೆ. ಕುರ್ಚಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಸೀಟನ್ನು ಎರಡೂ ಕೈಯಿಂದ ಕೆಳಗೊತ್ತಿ ಹಿಡಿಯುತ್ತಾರೆ. ಗ್ವೆನ್ ಉಳಿದ ಎರಡು ಪುಟ ಓದಿ ಮುಗಿಸುವವರೆಗೂ ಬಿಡುವುದಿಲ್ಲ.

ಜನ ಹೋದ ಮೇಲೆ ಲಿಂಗರಾಜರ ಪಕ್ಕ ಹೋಗಿ ನಿಲ್ಲುತ್ತೇನೆ. ಅವರೇ ಹೇಳುತ್ತಾರೆ.

"ಬಂದಿದ್ಲು ಸಾರ್. ನಾಲ್ಕು ವರ್ಷದ್ದು, ಅದರ ಭಾರಕ್ಕೆ ಸೀಟ್ ಇಳಿಯಲ್ಲ ಅಷ್ಟೇ. ಮುಂದಿನ ವರ್ಷ ಶುರುವಿಂದ್ಲೇ ಹಿಡ್ಕೊಂಡಿರ್ತೀನಿ."